ದಖ್ಖನ್ನಿಗೆ ತುಪ್ಪಳದ ಕೋಟು

1907ರ ಅಕ್ಟೋಬರ್ ತಿಂಗಳು. ಸ್ಕಾಟ್ಲೆಂಡಿನ ಕಡಲತೀರದ ಅರ್ಬ್ರೋತ್ ಎಂಬ ಊರಿನಲ್ಲಿ ಅರವತ್ತೆಂಟು ವರ್ಷದ ಮಂತ್ರಿಯೊಬ್ಬ ತನ್ನ ಮತದಾರರ ಮುಂದೆ ನಿಂತು ಇಂಡಿಯಾದ ವಿಚಾರ ಮಾತಾಡಿದ. ಕೆನಡಾಕ್ಕೆ ಸ್ವಯಮಾಡಳಿತ ಒಗ್ಗಿದೆ, ಇಂಡಿಯಾಕ್ಕೂ ಅದನ್ನೇ ಏಕೆ ಕೊಡಬಾರದು ಎಂಬ ಪ್ರಶ್ನೆ ಆಗ ಗಾಳಿಯಲ್ಲಿತ್ತು. ಕಾರ್ಮಿಕ ನಾಯಕ ಕೀರ್ ಹಾರ್ಡಿ ಅದೇ ಹೊತ್ತಿಗೆ ಇಂಡಿಯಾದ ಪ್ರವಾಸದಲ್ಲಿದ್ದ. ಮಂತ್ರಿ ಕೊಟ್ಟ ಉತ್ತರದ ಸಾರ ಇದು: ಕೆನಡಾದ ಚಳಿಗಾಲದಲ್ಲಿ ತುಪ್ಪಳದ ಕೋಟು ಬಲು ಹಿತ, ಹಾಗೆಂದು ದಖ್ಖನ್ನಿನಲ್ಲಿ ಅದನ್ನು ತೊಟ್ಟು ಸುಖವಾಗಿರಲಾದೀತೆ? ಸಭೆ ನಕ್ಕಿರಬೇಕು. ಉಪಮೆ ಚೆನ್ನಾಗಿದ್ದರೆ ವಾದದ ಕಡೆ ಯಾರೂ ನೋಡುವುದಿಲ್ಲ.

ದಖ್ಖನ್ನಿನವನಾದ ನನಗೆ ಈ ಮಾತನ್ನು ಮೊದಲು ಓದಿದಾಗ ನೆನಪಾದದ್ದು ಚಳ್ಳಕೆರೆ ಸೀಮೆಯ ಕುರಿಗಾಹಿಗಳು. ವೈಶಾಖದ ಬಿಸಿಲಲ್ಲೂ ಅವರ ಹೆಗಲಿನಿಂದ ಕರಿ ಕಂಬಳಿ ಇಳಿಯುವುದಿಲ್ಲ. ಹಾಸಿಕೊಳ್ಳುವುದು ಅದನ್ನೇ, ಹೊದೆಯುವುದೂ ಅದನ್ನೇ. ಮಳೆ ಬಂದರೆ ಕೊಪ್ಪೆ, ಬಿಸಿಲಾದರೆ ನೆರಳು, ದಾರಿಯಲ್ಲಿ ಈದ ಕುರಿಯ ಮರಿಗೆ ತೊಟ್ಟಿಲು. ತುಪ್ಪಳ ಬೇರೆ, ಉಣ್ಣೆ ಬೇರೆ ಎಂದು ಯಾರಾದರೂ ತಗಾದೆ ತೆಗೆಯಬಹುದು, ತೆಗೆಯಲಿ. ದಖ್ಖನ್ನಿನ ಜನ ಮೈಮೇಲೆ ಏನು ಹೊರಬಲ್ಲರು ಎಂದು ತೀರ್ಪು ಕೊಟ್ಟವನು ದಖ್ಖನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಸುಮಾರು ಐದು ವರ್ಷ ಇಂಡಿಯಾ ಖಾತೆಯನ್ನು ನಡೆಸಿದ ಜಾನ್ ಮಾರ್ಲೆ ಈ ನೆಲಕ್ಕೆ ಬರಲೇ ಇಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಮಾರ್ಲೆ ಎಂದರೆ ಒಂದು ಅಡ್ಡಗೆರೆಯ ಅರ್ಧಭಾಗ. ಮಿಂಟೋ–ಮಾರ್ಲೆ ಸುಧಾರಣೆ, 1909, ಪ್ರತ್ಯೇಕ ಮತಕ್ಷೇತ್ರ: ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಅಡ್ಡಗೆರೆಯ ಇನ್ನೊಂದು ಬದಿಯ ವೈಸ್‌ರಾಯ್ ಮಿಂಟೋನ ಹೆಸರಾದರೂ ಬೆಂಗಳೂರಿನಲ್ಲಿ ಕಣ್ಣು ನೋವು ಬಂದವರ ಬಾಯಲ್ಲಿ ಇಂದಿಗೂ ಇದೆ. ಚಾಮರಾಜಪೇಟೆಯ ಆಸ್ಪತ್ರೆಯ ಪುಣ್ಯ. ಮಾರ್ಲೆಗೆ ಅದೂ ಇಲ್ಲ. ಆದರೆ ಇಂಡಿಯಾ ಮಂತ್ರಿಯಾಗುವ ಮುಂಚೆ ನಾಲ್ಕು ದಶಕ ಅವನು ಬರೆಹದ ಲೋಕದಲ್ಲಿ ದೊಡ್ಡ ಹೆಸರು. ಪರರ ಬಾಳನ್ನು ಬರೆಯುವುದೇ ಅವನ ಕಸುಬು. ಆ ಕಸುಬಿಗೂ ಅವನು ಇಂಡಿಯಾವನ್ನು ಆಳಿದ ಬಗೆಗೂ ಇರುವ ನಂಟೇ ನನ್ನ ಪ್ರಶ್ನೆ.

ಮಾರ್ಲೆ ಹುಟ್ಟಿದ್ದು 1838ರ ಡಿಸೆಂಬರ್ 24ರಂದು, ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್ ಎಂಬ ಗಿರಣಿ ಊರಿನಲ್ಲಿ. ತಂದೆ ವೈದ್ಯ. ಮಗ ಪಾದ್ರಿಯಾಗಲಿ ಎಂದು ಆಕ್ಸ್‌ಫರ್ಡಿಗೆ ಕಳಿಸಿದ. ಅಲ್ಲಿ ಲಿಂಕನ್ ಕಾಲೇಜಿನಲ್ಲಿ, ಹಿಂದೊಮ್ಮೆ ಧರ್ಮಸುಧಾರಕ ಜಾನ್ ವೆಸ್ಲಿ ಇದ್ದ ಕೋಣೆಯಲ್ಲೇ ಹುಡುಗನ ನಂಬಿಕೆ ಕರಗಿಹೋಯಿತು. ತಂದೆ ಹಣ ನಿಲ್ಲಿಸಿದ. ಸಾಧಾರಣ ಪದವಿಯೊಂದನ್ನು ಹಿಡಿದು ಲಂಡನ್ನಿಗೆ ಬಂದ ಮಗ ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದ. 1867ರಿಂದ 1882ರವರೆಗೆ 'ಫೋರ್ಟ್‌ನೈಟ್ಲಿ ರಿವ್ಯೂ'ನ ಸಂಪಾದಕ. ಜಾನ್ ಸ್ಟುವರ್ಟ್ ಮಿಲ್‌ನ ಶಿಷ್ಯವರ್ಗದಲ್ಲಿ ಅವನಿಗೆ ಮುಂದಿನ ಸಾಲು. ದೇವರು ಎಂಬ ಪದವನ್ನು ಚಿಕ್ಕ ಅಕ್ಷರದಿಂದ ಶುರುಮಾಡಿ ಅಚ್ಚು ಹಾಕಿಸಿ ಇಂಗ್ಲೆಂಡಿನ ಭಕ್ತರನ್ನು ಕೆರಳಿಸಿದವನು. (ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ಭೇದವಿಲ್ಲದ ಲಿಪಿಯಲ್ಲಿ ಬರೆಯುವ ನಮಗೆ ಈ ಬಗೆಯ ನಾಸ್ತಿಕತೆಗೆ ಅವಕಾಶವೇ ಇಲ್ಲ.)

ಆ ವರ್ಷಗಳಲ್ಲಿ ಅವನು ಬರೆದ ಚರಿತ್ರೆಗಳ ಸಾಲನ್ನು ನೋಡಿ: 1872ರಲ್ಲಿ ವಾಲ್ಟೇರ್, 1873ರಲ್ಲಿ ರೂಸೋ, 1878ರಲ್ಲಿ ದಿದೆರೋ. ಮೂವರೂ ಅಧಿಕಾರದ ಬಾಗಿಲ ಹೊರಗೆ ನಿಂತವರು. ವಾಲ್ಟೇರನನ್ನೂ ದಿದೆರೋನನ್ನೂ ಸೆರೆಗೆ ಹಾಕಲಾಗಿತ್ತು. ರೂಸೋನ ಪುಸ್ತಕಗಳನ್ನು ಸುಟ್ಟು, ಅವನನ್ನು ಊರಿಂದೂರಿಗೆ ಅಟ್ಟಲಾಗಿತ್ತು. ಒಬ್ಬ ಮನುಷ್ಯನನ್ನು ವಿಚಾರಣೆಯಿಲ್ಲದೆ, ರಾಜನ ಮೊಹರಿನ ಒಂದು ಕಾಗದದ ಬಲದಿಂದ ಕೋಟೆಯೊಳಗೆ ತಳ್ಳುವುದು ಎಂದರೇನು ಎಂಬುದು ಇಂಗ್ಲೆಂಡಿನಲ್ಲಿ ಯಾರಿಗಾದರೂ ವಿವರವಾಗಿ ಗೊತ್ತಿದ್ದರೆ ಅದು ಮಾರ್ಲೆಗೆ.

ಇನ್ನು ಹದಿನೆಂಟನೆಯ ಶತಮಾನದ ಪಾರ್ಲಿಮೆಂಟ್ ವಾಗ್ಮಿ ಎಡ್ಮಂಡ್ ಬರ್ಕ್. ಅವನ ಮೇಲೆ ಮಾರ್ಲೆ ಎರಡು ಪುಸ್ತಕ ಬರೆದ. ಒಂದು 1867ರಲ್ಲಿ; ಇನ್ನೊಂದು 1879ರಲ್ಲಿ, ತಾನೇ ಸಂಪಾದಿಸುತ್ತಿದ್ದ 'ಇಂಗ್ಲಿಷ್ ಮೆನ್ ಆಫ್ ಲೆಟರ್ಸ್' ಮಾಲೆಗೆ. ಬರ್ಕ್‌ ಕನ್ನಡಿಗರಿಗೂ ಪೂರ್ತಿ ಪರಕೀಯನೇನಲ್ಲ. ಹೈದರಾಲಿ ಕರ್ನಾಟಿಕ್ ಪ್ರಾಂತದ ಮೇಲೆ ಎರಗಿದ್ದನ್ನು, ಬೆಟ್ಟದ ಇಳಿಜಾರಿನಲ್ಲಿ ಕವಿದು ನಿಂತು ಬಯಲಿನ ಮೇಲೆ ಒಡೆದ ಕಾರ್ಮೋಡದಂತೆ 1785ರ ಭಾಷಣದಲ್ಲಿ ಚಿತ್ರಿಸಿದವನು ಅವನೇ. ತಪ್ಪನ್ನು ಮಾತ್ರ ಹೈದರನಿಗಿಂತ ಹೆಚ್ಚಾಗಿ ಕಂಪನಿಯ ನೌಕರರ ಮೇಲೆ ಹೊರಿಸಿದ. ಮೂರು ವರ್ಷದ ನಂತರ, 1788ರ ಫೆಬ್ರವರಿಯಲ್ಲಿ, ಇಂಡಿಯಾದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆ ಶುರುವಾದಾಗ ಬರ್ಕ್ ಒಂದು ವಾದವನ್ನು ಬುಡಸಮೇತ ಕಿತ್ತುಹಾಕಲು ಹೊರಟ. ಇಂಗ್ಲೆಂಡಿನಲ್ಲಿ ಅಪರಾಧವಾದದ್ದು ಇಂಡಿಯಾದಲ್ಲಿ ಅಪರಾಧವಲ್ಲ, ಅಲ್ಲಿನ ಹವೆ ಬೇರೆ, ರೂಢಿ ಬೇರೆ ಎಂಬ ವಾದ. ಅದಕ್ಕೆ ಅವನಿಟ್ಟ ಹೆಸರು ಭೌಗೋಳಿಕ ನೀತಿ. ಅಕ್ಷಾಂಶ ರೇಖಾಂಶ ದಾಟಿದರೆ ಧರ್ಮ ಸಾಯುವುದೇ ಎಂಬುದು ಅವನ ಪ್ರಶ್ನೆ. ಏಳು ವರ್ಷ ಎಳೆದ ವಿಚಾರಣೆಯಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. ಆದರೂ ಬರ್ಕ್ ಸೋಲಲಿಲ್ಲ ಎಂಬುದು ಮಾರ್ಲೆಯ ತೀರ್ಮಾನ: ಏಷ್ಯಾದವರಿಗೆ ಹಕ್ಕುಗಳಿವೆ, ಯೂರೋಪಿನವರಿಗೆ ಬಾಧ್ಯತೆಗಳಿವೆ ಎಂಬುದನ್ನು ಆ ವಿಚಾರಣೆ ಇಂಗ್ಲೆಂಡಿಗೆ ಮರೆಯದಂತೆ ಕಲಿಸಿತು ಎಂದು ಅವನು ಬರೆದ.

ಹೀಗೆ ಬರೆದವನು ಅರ್ಬ್ರೋತಿನಲ್ಲಿ ತುಪ್ಪಳದ ಕೋಟಿನ ಮಾತಾಡಿದ. ಹವಾಮಾನದ ಮೇಲೆ ನಿಂತ ನೀತಿಗೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಬರ್ಕ್‌ಗೂ ಸಿಕ್ಕಿರಲಿಲ್ಲ.

ಇಲ್ಲಿಗೇ ನಿಲ್ಲಿಸಿ 'ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ' ಎಂದು ನಕ್ಕು ಮುಂದೆ ಹೋಗಬಹುದು. ಆಗಿನ ನಮ್ಮ ಉಗ್ರವಾದಿ ಪತ್ರಿಕೆಗಳು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಮಾರ್ಲೆ ಆಷಾಢಭೂತಿಯಾಗಿರಲಿಲ್ಲ ಎನ್ನಲು ಅವನ ರಾಜಕೀಯ ಬಾಳೇ ಸಾಕ್ಷಿ. 1883ರಲ್ಲಿ ನ್ಯೂಕಾಸಲ್‌ನಿಂದ ಪಾರ್ಲಿಮೆಂಟಿಗೆ ಬಂದ. ಎಂಟು ಗಂಟೆ ದುಡಿಮೆಯನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕೆಂದು ಕಾರ್ಮಿಕರು ಕೇಳಿದಾಗ, ಸರ್ಕಾರ ಅದರಲ್ಲಿ ಕೈಹಾಕುವುದು ತನ್ನ ಉದಾರವಾದಕ್ಕೆ ಸಮ್ಮತವಲ್ಲ ಎಂದು ಅವರ ಮುಖಕ್ಕೇ ಹೇಳಿದ. 1895ರಲ್ಲಿ ಸ್ಥಾನ ಕಳೆದುಕೊಂಡ. ಅವನ ನಿಲುವು ಸರಿಯಿತ್ತೆಂದು ನಾನು ಹೇಳುತ್ತಿಲ್ಲ. ನನಗದು ತಪ್ಪೆಂದೇ ತೋರುತ್ತದೆ. ಆದರೆ ವೋಟಿಗಾಗಿ ನಾಲಿಗೆ ಹೊರಳಿಸಿದವನಲ್ಲ. ಬೋಯರ್ ಯುದ್ಧದ ಅಮಲು ಏರಿದ್ದಾಗ ಅದನ್ನು ವಿರೋಧಿಸಿದ. 1914ರ ಆಗಸ್ಟಿನಲ್ಲಿ ಜರ್ಮನಿಯ ಮೇಲೆ ಯುದ್ಧಕ್ಕಿಳಿಯಲು ಮಂತ್ರಿಮಂಡಲ ತೀರ್ಮಾನಿಸಿದಾಗ ರಾಜೀನಾಮೆ ಕೊಟ್ಟು ಮನೆಗೆ ಹೋದ. ಅಂದು ಮಂತ್ರಿಮಂಡಲದಿಂದ ಅವನ ಜೊತೆ ಎದ್ದುಹೋದವನು ಜಾನ್ ಬರ್ನ್ಸ್ ಒಬ್ಬನೇ. ಎಪ್ಪತ್ತೈದರ ವಯಸ್ಸಿನಲ್ಲಿ ಅಧಿಕಾರವನ್ನು ಅಷ್ಟು ಸಲೀಸಾಗಿ ಬಿಟ್ಟವನನ್ನು ಕುರ್ಚಿಗೆ ಅಂಟಿಕೊಂಡವನು ಎನ್ನಲಾಗದು.

ಐರ್ಲೆಂಡಿನ ವಿಷಯದಲ್ಲಂತೂ ಅವನ ದಾಖಲೆ ಇನ್ನೂ ಗಟ್ಟಿ. 1880ರ ದಶಕದ ಆರಂಭದಲ್ಲಿ ಅವನು 'ಪಾಲ್ ಮಾಲ್ ಗೆಜೆಟ್' ಪತ್ರಿಕೆಯ ಸಂಪಾದಕ. ಐರಿಷರನ್ನು ವಿಚಾರಣೆಯಿಲ್ಲದೆ ಬಂಧಿಸುವ 1881ರ ಕಾನೂನನ್ನು ತನ್ನದೇ ಪಕ್ಷದ ಮಂತ್ರಿ ಫಾರ್ಸ್ಟರ್ ತಂದಾಗ ಆ ದಮನ ನೀತಿಯ ಮೇಲೆ ಬಿಡದೆ ದಾಳಿ ಮಾಡಿದ. 1886ರಲ್ಲೂ ಮತ್ತೆ 1892ರಿಂದ 95ರವರೆಗೂ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಜೊತೆ ಸ್ವಯಮಾಡಳಿತಕ್ಕಾಗಿ ಹೆಣಗಿದ. ಅದೇ 1892–95ರ ಪಾರ್ಲಿಮೆಂಟಿನಲ್ಲಿ ಲಿಬರಲ್ ಸಾಲಿನಲ್ಲೇ ದಾದಾಭಾಯಿ ನವರೋಜಿಯವರೂ ಕುಳಿತಿದ್ದರು.

ಆದ್ದರಿಂದ 1905ರ ಡಿಸೆಂಬರಿನಲ್ಲಿ ಮಾರ್ಲೆ ಇಂಡಿಯಾ ಮಂತ್ರಿಯಾದ ಸುದ್ದಿ ಬಂದಾಗ ಇಲ್ಲಿನ ಓದುಬರೆಹ ಬಲ್ಲವರು ಪುಳಕಗೊಂಡದ್ದು ಸಹಜ. ಅದೇ ತಿಂಗಳು ಬನಾರಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಿಂದ ಗೋಪಾಲಕೃಷ್ಣ ಗೋಖಲೆಯವರು ಮಾರ್ಲೆಯನ್ನು ಗುರುವೆಂದು ಭಾವಿಸುವವರು ಈ ದೇಶದಲ್ಲಿ ಬಹಳ ಮಂದಿ ಇದ್ದಾರೆಂದರು. ಎದೆ ಆಸೆಪಡುತ್ತಿದೆ, ಜೊತೆಗೇ ನಡುಗುತ್ತಿದೆ ಎಂಬರ್ಥದ ಮಾತನ್ನೂ ಸೇರಿಸಿದರು. ಗೋಖಲೆಯವರ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟು, ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ ಡಿ.ವಿ.ಜಿ.ಯವರ ಮೂಲಕ ಆ ಮಿತವಾದಿ ಮನೋಧರ್ಮದ ಒಂದು ಕವಲು ನಮ್ಮವರೆಗೂ ಹರಿದು ಬಂದಿದೆ. ಪುಸ್ತಕ ಓದಿ ಮನುಷ್ಯನನ್ನು ನಂಬುವ ಮನೋಧರ್ಮ ಅದು. ನಾನೂ ಅದರ ಹೊರಗಿನವನೇನಲ್ಲ.

ಆಸೆ ನಡುಕಕ್ಕೆ ದಾರಿಬಿಡಲು ಬಹಳ ದಿನ ಹಿಡಿಯಲಿಲ್ಲ. 1906ರ ಫೆಬ್ರವರಿಯಲ್ಲಿ ಮಾರ್ಲೆ, ಬಂಗಾಳದ ವಿಭಜನೆ ತೀರ್ಮಾನವಾಗಿಹೋದ ವಿಷಯ ಎಂದ. (ಸುಮಾರು ಆರು ವರ್ಷದ ನಂತರ, 1911ರ ದೆಹಲಿ ದರ್ಬಾರಿನಲ್ಲಿ ಆ ತೀರ್ಮಾನ ರದ್ದಾಯಿತು, ಆಗ ಖಾತೆ ಬೇರೆಯವರ ಕೈಲಿತ್ತು.) 1907ರ ಮೇ, ಜೂನ್ ತಿಂಗಳುಗಳಲ್ಲಿ ಲಾಲಾ ಲಜಪತ ರಾಯ್ ಮತ್ತು ಅಜಿತ್ ಸಿಂಗ್ ಅವರನ್ನು 1818ರ ಮೂರನೆಯ ರೆಗ್ಯುಲೇಷನ್ ಅಡಿಯಲ್ಲಿ ಹಿಡಿದು ಬರ್ಮಾದ ಮಂಡಲೆಗೆ ಸಾಗಿಸಲಾಯಿತು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ರಾಜನ ಮೊಹರಿನ ಕಾಗದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಕಾಗದದ ಗಾತ್ರದ್ದಿರಬಹುದು. 1908ರ ಡಿಸೆಂಬರಿನಲ್ಲಿ ಅಶ್ವಿನಿಕುಮಾರ ದತ್ತ, ಕೃಷ್ಣಕುಮಾರ ಮಿತ್ರ ಮೊದಲಾದ ಒಂಬತ್ತು ಬಂಗಾಳಿ ಮುಖಂಡರಿಗೂ ಅದೇ ಗತಿ. ಅದೇ ತಿಂಗಳ 17ರಂದು ಲಾರ್ಡ್ಸ್ ಸಭೆಯಲ್ಲಿ, ಆಗಷ್ಟೇ ಬ್ಲ್ಯಾಕ್‌ಬರ್ನಿನ ವೈಕೌಂಟ್ ಆಗಿದ್ದ ಮಾರ್ಲೆ ತನ್ನ ಸುಧಾರಣೆಗಳನ್ನು ಮಂಡಿಸಿದ. ಇವು ಇಂಡಿಯಾದಲ್ಲಿ ನೇರವಾಗಿಯೋ ಬಳಸುದಾರಿಯಲ್ಲೋ ಪಾರ್ಲಿಮೆಂಟರಿ ಪದ್ಧತಿಗೆ ಎಡೆಮಾಡುವುದಾದರೆ ತನಗೆ ಅದರೊಡನೆ ಯಾವ ಸಂಬಂಧವೂ ಬೇಡ ಎಂದ. ಜೀವಮಾನವಿಡೀ ಪಾರ್ಲಿಮೆಂಟಿನ ಗುಣಗಾನ ಮಾಡಿದವನ ಬಾಯಿಂದ ಬಂದ ಮಾತಿದು.

ಅವನ ಪರವಾಗಿ ಹೇಳುವುದೂ ಬೇಕಾದಷ್ಟಿದೆ, ಅದನ್ನು ನುಂಗಿ ಹಾಕುವುದು ಅನ್ಯಾಯ. ಲಾರ್ಡ್ಸ್‌ನಲ್ಲಿ ಬಹುಮತ ವಿರೋಧಿಗಳದು, ಅಲ್ಲಿ ಬಂಗಾಳವನ್ನು ಒಡೆದ ಮಾಜಿ ವೈಸ್‌ರಾಯ್ ಕರ್ಜನ್ ಕೂತಿದ್ದ. ವೈಸ್‌ರಾಯನ ಕಾರ್ಯಕಾರಿ ಮಂಡಲಿಗೆ ಸತ್ಯೇಂದ್ರ ಪ್ರಸನ್ನ ಸಿನ್ಹಾರನ್ನು ನೇಮಿಸಲು ಏಳನೆಯ ಎಡ್ವರ್ಡ್ ದೊರೆಗೇ ಮನಸ್ಸಿರಲಿಲ್ಲ. ಮಾರ್ಲೆ ಪಟ್ಟು ಬಿಡಲಿಲ್ಲ, 1909ರಲ್ಲಿ ನೇಮಕವಾಯಿತು. ಅದಕ್ಕೆ ಮುಂಚೆ 1907ರಲ್ಲೇ ಲಂಡನ್ನಿನ ಇಂಡಿಯಾ ಕೌನ್ಸಿಲಿಗೆ ಇಬ್ಬರು ಭಾರತೀಯರನ್ನು ತಂದಿದ್ದ. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ, ಎಲ್ಲರೂ ಸೇರಿದ ಚುನಾವಣಾ ಮಂಡಲಿಗಳಲ್ಲೇ ಪಾಲು ಗೊತ್ತುಮಾಡೋಣ ಎಂಬುದು ಅವನ ಮೊದಲ ಯೋಜನೆ. ಒತ್ತಡ ಬಂದಾಗ ಬಗ್ಗಿದ, ಮತ್ತು ಆ ಬಗ್ಗುವಿಕೆಯ ಫಲವನ್ನು ನಾವು ದಶಕಗಳ ಕಾಲ ಉಂಡೆವು. 1908ರಲ್ಲಿ ಬೊಂಬಾಯಿಯಲ್ಲಿ ತಿಲಕರಿಗೂ ತಿರುನೆಲ್ವೇಲಿಯಲ್ಲಿ ಚಿದಂಬರಂ ಪಿಳ್ಳೆಯವರಿಗೂ ರಾಜದ್ರೋಹಕ್ಕಾಗಿ ಕಠೋರ ಶಿಕ್ಷೆಯಾದಾಗ ಅವನು ಕಂಗೆಟ್ಟು ಮಿಂಟೋಗೆ ಕಾಗದ ಬರೆದ. ಗಡೀಪಾರಾದ ಬಂಗಾಳಿಗಳನ್ನು ಬಿಡುಗಡೆ ಮಾಡಿ ಎಂದು ಮತ್ತೆ ಮತ್ತೆ ಕಾಡಿದ. 1910ರ ಫೆಬ್ರವರಿಯಲ್ಲಿ ಅವರು ಹೊರಬಂದರು.

ಈಗ ಅವನನ್ನು ಅಳೆಯುವುದು ಯಾವ ಕೋಲಿನಿಂದ? ಅವನದೇ ಕೋಲಿದೆ. 1874ರಲ್ಲಿ ಅವನು 'ಆನ್ ಕಾಂಪ್ರಮೈಸ್' ಎಂಬ ಪುಟ್ಟ ಪುಸ್ತಕ ಬರೆದ. ರಾಜಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದರ ಜಿಜ್ಞಾಸೆ. ಮೂರು ಹಂತಗಳನ್ನು ಅವನು ಬೇರ್ಪಡಿಸುತ್ತಾನೆ: ಅಭಿಪ್ರಾಯ ರೂಪಿಸಿಕೊಳ್ಳುವುದು, ಅದನ್ನು ಹೊರಗೆ ಹೇಳುವುದು, ಅದನ್ನು ಲೋಕದಲ್ಲಿ ಜಾರಿಗೆ ತರುವುದು. ಮೂರನೆಯದರಲ್ಲಿ ತಡೆ, ತಾಳ್ಮೆ, ಹೊಂದಾಣಿಕೆ ಅನಿವಾರ್ಯ, ಏಕೆಂದರೆ ಅಲ್ಲಿ ಬೇರೆಯವರ ಒಪ್ಪಿಗೆ ಬೇಕು. ಆದರೆ ಮೊದಲನೆಯದರಲ್ಲಿ ಎಳ್ಳಷ್ಟೂ ರಾಜಿ ಕೂಡದು. ಅನುಕೂಲಕ್ಕೆ ಒದಗುವ ನಂಬಿಕೆಯನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವುದು ಅವನ ಕಣ್ಣಿನಲ್ಲಿ ಬೌದ್ಧಿಕ ಅಪರಾಧ.

ಸಾಮಾನ್ಯವಾಗಿ ಮಾರ್ಲೆಯನ್ನು ದೂರುವವರು ಮೂರನೆಯ ಹಂತದ ತಪ್ಪುಗಳನ್ನು ಎಣಿಸುತ್ತಾರೆ: ಗಡೀಪಾರು, ಪತ್ರಿಕಾ ಕಾನೂನು, ಪ್ರತ್ಯೇಕ ಮತಕ್ಷೇತ್ರ. ಅವು ಗಂಭೀರ ತಪ್ಪುಗಳೇ. ಆದರೆ ಅವನ್ನು ಮಾಡುವಾಗ ಅವನು ಒದ್ದಾಡಿದ, ಹಿಂದೆಗೆದ, ಕಾಗದ ಬರೆದ. ಅವನ ಪುಸ್ತಕದ ಲೆಕ್ಕದಲ್ಲಿ ಅವಕ್ಕೆ ಕ್ಷಮೆಯ ಒಂದು ಕಿಂಡಿಯಿದೆ. ತುಪ್ಪಳದ ಕೋಟಿಗೆ ಆ ಕಿಂಡಿಯೂ ಇಲ್ಲ. ಅದನ್ನು ಹೇಳಿ ಎಂದು ಯಾರೂ ಒತ್ತಾಯಿಸಿರಲಿಲ್ಲ. ಅದು ಒತ್ತಡಕ್ಕೆ ಬಗ್ಗಿದ ಕ್ರಿಯೆಯಲ್ಲ, ಅವನ ಒಳಗಿದ್ದ ಅಭಿಪ್ರಾಯ. 1909ರಲ್ಲಿ ತನ್ನ ಇಂಡಿಯಾ ಭಾಷಣಗಳನ್ನು ಪುಸ್ತಕವಾಗಿ ತಂದಾಗ ಅದನ್ನೂ ಸೇರಿಸಿದ. ವಾಲ್ಟೇರ್, ರೂಸೋ, ಬರ್ಕ್ ಎಲ್ಲರನ್ನೂ ಅರೆದು ಕುಡಿದವನು ಇಂಡಿಯಾದ ಬಗ್ಗೆ ಮಾತ್ರ ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳುವ ಕೆಲಸವನ್ನೇ ಕೈಗೆತ್ತಿಕೊಳ್ಳಲಿಲ್ಲ. ಸಿದ್ಧವಾಗಿದ್ದ ಒಂದನ್ನು ತೊಟ್ಟುಕೊಂಡ.

ಅದನ್ನು ಹೊಲಿದದ್ದು ಯಾರ ಅಂಗಡಿಯಲ್ಲಿ ಎಂಬುದು ಗುಟ್ಟೇನಲ್ಲ. ಗುರು ಮಿಲ್ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರ. ಇಂಡಿಯಾಕ್ಕೆ ಹೋಗುವ ಒಕ್ಕಣೆಗಳನ್ನು ಬರೆಯುವುದು ಅವನ ಕೆಲಸ. ಸ್ವಾತಂತ್ರ್ಯದ ಮೇಲೆ ಬರೆದ ಪುಸ್ತಕದಲ್ಲೇ, ಇನ್ನೂ ಎಳವೆಯಲ್ಲಿರುವ ಸಮಾಜಗಳಿಗೆ ಈ ತತ್ತ್ವ ಅನ್ವಯಿಸದು ಎಂದು ಒಂದು ವಿನಾಯಿತಿ ಇಟ್ಟ. ಶಿಷ್ಯ ಆ ವಿನಾಯಿತಿಯನ್ನು ತತ್ತ್ವದ ಜೊತೆಗೇ ಪಿತ್ರಾರ್ಜಿತವಾಗಿ ಪಡೆದ. ಮೇಲೆ ಹೇಳಿದ ಬರ್ಕ್ ಪುಸ್ತಕದ ವಾಕ್ಯವನ್ನೇ ಮತ್ತೆ ತೆಗೆದು ನೋಡಿದರೆ, ಏಷ್ಯಾದವರ ಹಕ್ಕಿನ ಮಾತಿನ ಬೆನ್ನಿಗೇ ಮೇಲಿನ ಜನಾಂಗ, ಅಧೀನ ಜನಾಂಗ ಎಂಬ ವಿಂಗಡಣೆ ಯಾವ ಮುಜುಗರವೂ ಇಲ್ಲದೆ ಕೂತಿದೆ. ಆಳು ಮಕ್ಕಳನ್ನು ಹೊಡೆಯಬಾರದು, ಸರಿಯೇ. ಮನೆ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಇಂಡಿಯಾವನ್ನು ನೋಡದಿದ್ದುದೇ ಇದಕ್ಕೆಲ್ಲ ಕಾರಣವಲ್ಲವೆ? ಕಂಬಳಿಯ ಮಾತೆತ್ತಿ ನಾನೇ ಆ ಕಡೆ ಬೊಟ್ಟು ಮಾಡಿದೆ. ಆದರೆ ಬರ್ಕ್ ಕೂಡ ಇಂಡಿಯಾಕ್ಕೆ ಬರಲಿಲ್ಲ. ಮಿಲ್ ಸಹ ಬರಲಿಲ್ಲ. ಮೂವರೂ ಲಂಡನ್ನಿನಲ್ಲಿ ಕೂತು ಕಾಗದಪತ್ರ ಓದಿದವರು. ಕರ್ಜನ್ ವರ್ಷಗಟ್ಟಲೆ ಇಲ್ಲೇ ಇದ್ದ. ಅವನಿಗೆ ಏನು ಕಂಡಿತು ಎಂಬುದು ನಮಗೆ ಗೊತ್ತು. ವ್ಯತ್ಯಾಸ ಬರುವುದು ಕಾಗದಗಳನ್ನು ಯಾವ ಕುರ್ಚಿಯಿಂದ ಓದುತ್ತೇವೆ ಎಂಬುದರಲ್ಲಿ. ಬರ್ಕ್ ಫಿರ್ಯಾದಿಯ ಕುರ್ಚಿಯಿಂದ ಓದಿದ; ಪ್ರತಿ ವರದಿಯಲ್ಲೂ ಬರೆದವನು ಏನನ್ನು ಮುಚ್ಚಿಟ್ಟಿದ್ದಾನೆಂದು ಹುಡುಕಿದ. ಮಿಲ್ ಕಚೇರಿಯ ಕುರ್ಚಿಯಿಂದ ಓದಿದ. ಮಾರ್ಲೆ?

ಮಾರ್ಲೆಯ ಕುರ್ಚಿ ಬಾಳಿನುದ್ದಕ್ಕೂ ಮೆಲ್ಲನೆ ಸರಿಯುತ್ತ ಹೋಯಿತು ಎಂಬುದು ನನ್ನ ವಾದ. ಅದನ್ನು ಅವನ ಪುಸ್ತಕಗಳ ಹೆಸರಿನಲ್ಲೇ ಕಾಣಬಹುದು. ಮೊದಲು ವಾಲ್ಟೇರ್, ರೂಸೋ, ದಿದೆರೋ. ಆಮೇಲೆ 1881ರಲ್ಲಿ ಕಾಬ್ಡೆನ್. ಅವನು ಚಳವಳಿಗಾರ, ಪಾರ್ಲಿಮೆಂಟಿನಲ್ಲಿದ್ದೂ ಮಂತ್ರಿಯಾಗಲೊಲ್ಲದವನು. 1889ರಲ್ಲಿ ವಾಲ್ಪೋಲ್: ಇಪ್ಪತ್ತು ವರ್ಷ ಅಧಿಕಾರ ಹಿಡಿದು ಕೂತ ನುರಿತ ಪ್ರಧಾನಿ. 1900ರಲ್ಲಿ ಕ್ರಾಮ್‌ವೆಲ್: ಪಾರ್ಲಿಮೆಂಟನ್ನೇ ಚದರಿಸಿದ ಸೇನಾನಿ. 1903ರಲ್ಲಿ ಮೂರು ದಪ್ಪ ಸಂಪುಟಗಳ ಗ್ಲ್ಯಾಡ್‌ಸ್ಟನ್. ಹೊರಗೆ ನಿಂತು ಬಾಗಿಲು ಬಡಿದವರಿಂದ ಶುರುವಾಗಿ, ಒಳಗೆ ಕೂತು ಬಾಗಿಲು ಕಾಯ್ದವರವರೆಗೆ.

ಗ್ಲ್ಯಾಡ್‌ಸ್ಟನ್ ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1898ರಲ್ಲಿ ಗ್ಲ್ಯಾಡ್‌ಸ್ಟನ್ ತೀರಿಕೊಂಡಾಗ ಮನೆಯವರು ಈ ಕೆಲಸವನ್ನು ಮಾರ್ಲೆಗೆ ಒಪ್ಪಿಸಿದರು. ಪರಮ ಆಸ್ತಿಕನ ಚರಿತ್ರೆಯನ್ನು ಬರೆಯುವುದು ಹೆಸರಾಂತ ನಾಸ್ತಿಕ! ಗ್ಲ್ಯಾಡ್‌ಸ್ಟನ್ನನ ಧರ್ಮಶಾಸ್ತ್ರದ ಮುಖವನ್ನು ವಿವರವಾಗಿ ಇಲ್ಲಿ ತರುತ್ತಿಲ್ಲ ಎಂದು ಮಾರ್ಲೆ ಮುನ್ನುಡಿಯಲ್ಲೇ ಹೇಳಿಬಿಟ್ಟ. ಗ್ಲ್ಯಾಡ್‌ಸ್ಟನ್ನನ ಹಾರ್ಡನ್ ಬಂಗಲೆಯಲ್ಲಿದ್ದ ಎರಡು ಮೂರು ಲಕ್ಷ ಕಾಗದಗಳು ಅವನ ಕಣ್ಣ ಕೆಳಗೆ ಹಾದುಹೋದವು. ಐದು ವರ್ಷ ದಿನವೂ ಪ್ರಧಾನಮಂತ್ರಿಯೊಬ್ಬನ ಮೇಜಿಗೆ ಬಂದ ಕಾಗದ, ಅಲ್ಲಿಂದ ಹೋದ ಕಾಗದ ಓದುವುದೆಂದರೆ ಲೋಕವನ್ನು ಆ ಮೇಜಿನಿಂದ ನೋಡಲು ಕಲಿಯುವುದು. ಅಲ್ಲಿಂದ ನೋಡಿದಾಗ ಪ್ರತಿ ಹಿಂಜರಿಕೆಗೂ ಒಂದು ಕಾರಣ ಕಾಣುತ್ತದೆ, ಪ್ರತಿ ರಾಜಿಗೂ ಸಂದರ್ಭ ಸಿಗುತ್ತದೆ. ನಾಯಕ ಮನಸ್ಸು ಬದಲಿಸಿದರೆ ಅದು ಬೆಳವಣಿಗೆ; ಬೀದಿಯಲ್ಲಿ ಕೂಗುವವನು ಬದಲಿಸದಿದ್ದರೆ ಹಠ. ಇದು ಮಾರ್ಲೆಯ ಮನಸ್ಸಿನ ದೋಷವಲ್ಲ, ಆ ಬಗೆಯ ಚರಿತ್ರೆಯ ಗುಣ. ಕಾಗದ ಬಿಟ್ಟುಹೋದವನ ಕಡೆಗೆ ಚರಿತ್ರಕಾರನ ಕರುಣೆ ತಾನಾಗಿ ಹರಿಯುತ್ತದೆ. ಕಾಗದ ಬಿಡದವನು ಅಡಿಟಿಪ್ಪಣಿ.

ಬ್ರಿಟನ್ನಿನಲ್ಲಿ ರಾಜಕಾರಣಿಗಳು ಚರಿತ್ರೆ ಬರೆಯುವುದು ಒಂದು ಪರಂಪರೆಯೇ. ಚರ್ಚಿಲ್ ತನ್ನ ತಂದೆಯದನ್ನು ಬರೆದ, ಮೈಕೆಲ್ ಫುಟ್ ಬೆವನ್‌ನದನ್ನು, ರಾಯ್ ಜೆಂಕಿನ್ಸ್ ಆಸ್ಕ್ವಿತ್, ಗ್ಲ್ಯಾಡ್‌ಸ್ಟನ್, ಚರ್ಚಿಲ್ ಮೂವರದನ್ನೂ, ವಿಲಿಯಂ ಹೇಗ್ ಕಿರಿಯ ಪಿಟ್‌ನದನ್ನು. ಕುರ್ಚಿಯ ರುಚಿ ಬಲ್ಲವರೇ ಕುರ್ಚಿಯ ಕಥೆ ಬರೆದರೆ ಒಳಗಿನ ಸೂಕ್ಷ್ಮಗಳು ಸಿಗುತ್ತವೆ. ಹೊರಗಿನವರಿಗೆ ಅವು ದಕ್ಕುವುದಿಲ್ಲ, ಒಪ್ಪಿಕೊಳ್ಳೋಣ. ಆದರೆ ಬರೆದು ಮುಗಿಸಿ ಎರಡೇ ವರ್ಷಕ್ಕೆ, ಕೈಯ ಮಸಿ ಇನ್ನೂ ಆರದಿರುವಾಗ, ಮೂವತ್ತು ಕೋಟಿ ಜನರ ಮೇಲೆ ಅಧಿಕಾರ ಸಿಕ್ಕಿದ್ದು ಮಾರ್ಲೆಗೆ. ಗ್ಲ್ಯಾಡ್‌ಸ್ಟನ್ನನ ಮೇಜಿನಿಂದ ಎದ್ದವನು ನೇರವಾಗಿ ಇಂಡಿಯಾ ಆಫೀಸಿನ ಮೇಜಿಗೆ ಬಂದು ಕೂತ. ಅಲ್ಲಿ ವಾರವಾರವೂ ಮಿಂಟೋನ ಪತ್ರ, ವಾರವಾರವೂ ಅದಕ್ಕೆ ಉತ್ತರ. ಇಬ್ಬರು ಮಹನೀಯರ ಪತ್ರವ್ಯವಹಾರ: ಚರಿತ್ರಕಾರನಿಗೆ ಇದಕ್ಕಿಂತ ಪರಿಚಿತ ಲೋಕ ಯಾವುದು? ಇಂಡಿಯಾ ಅವನಿಗೆ ಆ ಪತ್ರಗಳ ನಡುವೆ ಬಂದುಹೋಗುವ ವಿಷಯವಾಯಿತು. 1906ರಲ್ಲೂ 1908ರಲ್ಲೂ ಲಂಡನ್ನಿನಲ್ಲಿ ಅವನ ಎದುರು ಬಂದು ಕೂತ ಗೋಖಲೆಯವರೊಬ್ಬರನ್ನು ಅವನು ಮನುಷ್ಯರಾಗಿ ಕಂಡ, ಗೌರವಿಸಿದ. ಉಳಿದವರು ತಂತಿವಾರ್ತೆಗಳು.

ಐರ್ಲೆಂಡ್ ಏಕೆ ಹಾಗಾಗಲಿಲ್ಲ? ಅಲ್ಲಿಗೆ ಹೋಗಿ ಇದ್ದನೆಂಬುದು ಒಂದು ಉತ್ತರ. ಅದಕ್ಕಿಂತ ಗಟ್ಟಿ ಉತ್ತರ 1885ರ ಚುನಾವಣೆಯಲ್ಲಿ ಗೆದ್ದು ಬಂದ, ಐರಿಷ್ ನಾಯಕ ಪಾರ್ನೆಲ್‌ನ 86 ಸದಸ್ಯರು. ಅವರನ್ನು ಫೈಲಿಗೆ ಸೇರಿಸಿ ಕಟ್ಟಿಡಲಾಗುತ್ತಿರಲಿಲ್ಲ. ಪ್ರತಿ ಸಂಜೆ ಸಭೆಯಲ್ಲಿ ಎದ್ದು ನಿಲ್ಲುತ್ತಿದ್ದರು, ಸರ್ಕಾರ ಬೀಳಿಸಬಲ್ಲವರಾಗಿದ್ದರು. 1906ರ ಪಾರ್ಲಿಮೆಂಟಿನಲ್ಲಿ ಭಾರತೀಯ ಒಬ್ಬನೂ ಇರಲಿಲ್ಲ. ನವರೋಜಿಯವರು ಆ ವರ್ಷ ನಿಂತು ಸೋತಿದ್ದರು. ಉದಾರವಾದಿಯ ಔದಾರ್ಯ ಎದುರಾಳಿಯ ಸಂಖ್ಯೆಯನ್ನು ಇಷ್ಟೊಂದು ಅವಲಂಬಿಸಿತ್ತು ಎಂಬುದು ಹಿತವಾದ ತೀರ್ಮಾನವೇನಲ್ಲ. ಆದರೆ ಅವನ ಬಾಳನ್ನು ಓದಿದಷ್ಟೂ ನನಗೆ ಬೇರೆ ತೀರ್ಮಾನಕ್ಕೆ ಬರಲಾಗಿಲ್ಲ.

ಮಾರ್ಲೆ ಇಂಡಿಯಾ ಆಫೀಸು ಬಿಟ್ಟ ಹೊತ್ತಿಗೆ, 1910ರ ಕೊನೆಯಲ್ಲಿ, ಮಂಡಲೆಯ ಸೆರೆಮನೆಯಲ್ಲಿ ಒಬ್ಬ ಕೈದಿ ಸೀಸದ ಕಡ್ಡಿ ಹಿಡಿದು ಮರಾಠಿಯಲ್ಲಿ ಒಂದು ದೊಡ್ಡ ಗ್ರಂಥ ಬರೆಯಲು ಕೂತಿದ್ದರು. ತಿಲಕರ 'ಗೀತಾರಹಸ್ಯ'. ಆಲೂರು ವೆಂಕಟರಾಯರಿಂದ ಅದು ಕನ್ನಡಕ್ಕೂ ಬಂತು. ಅದನ್ನು ತೆರೆದರೆ ಬೆಂಥಾಮ್, ಮಿಲ್, ಸ್ಪೆನ್ಸರ್ ಪುಟಪುಟಗಳಲ್ಲಿ ಎದುರಾಗುತ್ತಾರೆ. ಬಹುಜನರ ಬಹುಸುಖವೇ ನೀತಿ ಎಂಬ ವಾದವನ್ನು ತಿಲಕರು ಅವರವರ ಮಾತಿನಲ್ಲೇ ಎತ್ತಿಕೊಂಡು, ಒಪ್ಪುವಷ್ಟನ್ನು ಒಪ್ಪಿ, ಮಿಕ್ಕದ್ದನ್ನು ತಿರಸ್ಕರಿಸುತ್ತಾರೆ. ಮಿಲ್‌ನ ಶಿಷ್ಯ ಮಂತ್ರಿಯಾಗಿದ್ದಾಗ ಸೆರೆ ಸೇರಿದವರು ಸೆರೆಯೊಳಗೆ ಕೂತು ಮಿಲ್‌ನೊಡನೆ ಸಮಸಮವಾಗಿ ವಾದಿಸುತ್ತಿದ್ದರು. ಹೊರಗಿದ್ದ ಮಂತ್ರಿಗೆ ಇಂಡಿಯಾದ ಕಡೆಯ ಒಂದು ಪುಸ್ತಕದೊಡನೆ ಹಾಗೆ ವಾದಿಸಬೇಕೆನಿಸಲಿಲ್ಲ.

1917ರಲ್ಲಿ ಮಾರ್ಲೆ ತನ್ನ ನೆನಪುಗಳನ್ನು ಎರಡು ಸಂಪುಟಗಳಲ್ಲಿ ಹೊರತಂದ. ಮನೆ ಮಾತು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯ ಸಂಪುಟದ ದೊಡ್ಡ ಪಾಲು ಮಿಂಟೋಗೆ ಬರೆದ ಪತ್ರಗಳು. ಮಾರ್ಲೆ ತೀರಿಕೊಂಡದ್ದು 1923ರಲ್ಲಿ. ಮರುವರ್ಷ ಜಾನ್ ಬಕನ್ ಬರೆದ ಮಿಂಟೋನ ಚರಿತ್ರೆ ಬಂತು, 1934ರಲ್ಲಿ ಮಿಂಟೋನ ಹೆಂಡತಿ ಗಂಡನ ಪತ್ರ, ದಿನಚರಿಗಳನ್ನು ಪ್ರಕಟಿಸಿದಳು. ಸುಧಾರಣೆಯ ಕರ್ತೃ ಯಾರು, ಮಾರ್ಲೆಯೋ ಮಿಂಟೋವೋ ಎಂಬ ಜಗಳ ಹೀಗೆ ಪುಸ್ತಕಗಳ ಮೂಲಕ ನಡೆಯಿತು. ಯಾರ ಮೈಗೆ ಅದನ್ನು ಹೊಲಿದರೋ ಅವರ ಸಾಕ್ಷ್ಯ ಆ ಜಗಳಕ್ಕೆ ಬೇಕಾಗಿರಲಿಲ್ಲ.

ಆ ನೆನಪುಗಳು ಅಚ್ಚಿನ ಮನೆಯಲ್ಲಿದ್ದಾಗಲೇ, 1917ರ ಆಗಸ್ಟ್ 20ರಂದು ಹೊಸ ಇಂಡಿಯಾ ಮಂತ್ರಿ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತ. ಇಂಡಿಯಾದಲ್ಲಿ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ತರುವುದೇ ಬ್ರಿಟನ್ನಿನ ಗುರಿ ಎಂದು ಸಾರಿದ. ಎಡ್ವಿನ್ ಮಾಂಟೆಗು ಅವನ ಹೆಸರು. ಏಳು ವರ್ಷದ ಹಿಂದೆ ಇಂಡಿಯಾ ಆಫೀಸಿನಲ್ಲಿ ಮಾರ್ಲೆಯ ಕೈಕೆಳಗಿನ ಕಿರಿಯ ಮಂತ್ರಿಯಾಗಿ ಕೆಲಸ ಕಲಿತವನು.